ಮೂವರ ಸಂಬಳ, ಐವರ ಕೆಲಸ: ಶಿಶುಪಾಲನೆಗೆ ಹಣ ಹಂಚುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಎರಡು ವರ್ಷದೊಳಗಿನ 12 ಮಕ್ಕಳಿರುವ ಒಂದು ಕೋಣೆ. ನಾಲ್ಕು ಮಕ್ಕಳಿಗೆ ಒಬ್ಬರು ಸಿಬ್ಬಂದಿ ಇರಬೇಕೆಂಬುದು ನಿಯಮ ಎಂದುಕೊಳ್ಳೋಣ. ಈ ಕೋಣೆ ನಡೆಯಬೇಕಾದರೆ ಎಷ್ಟು ಜನರಿಗೆ ಸಂಬಳ ಕೊಡಬೇಕು? ಹಣ ಮಂಜೂರು ಮಾಡುವ ಕಡತದಲ್ಲಿ ಉತ್ತರ ಮೂರು. ಅದೇ ಕೋಣೆಯ ಡ್ಯೂಟಿ ಚಾರ್ಟ್ ಬರೆಯುವವರನ್ನು ಕೇಳಿದರೆ ಉತ್ತರ ಐದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಡುವೆ ಕಾಣೆಯಾದ ಆ ಇಬ್ಬರ ಕೆಲಸವನ್ನು ದಿನವೂ ಯಾರೋ ಮಾಡುತ್ತಿದ್ದಾರೆ, ಅದಕ್ಕೆ ಸಂಬಳ ಮಾತ್ರ ಇಲ್ಲ. ಶಿಶುಪಾಲನೆಯಲ್ಲಿ ಜನ ನಿಲ್ಲುತ್ತಿಲ್ಲ, ಜಾಹೀರಾತು ಕೊಟ್ಟರೂ ಅರ್ಜಿ ಬರುತ್ತಿಲ್ಲ ಎಂದು ನೀವು ಸಭೆಯ ಮೇಲೆ ಸಭೆ ನಡೆಸುತ್ತೀರಲ್ಲ, ಆ ತೊಂದರೆಯ ಬೇರು ಇಲ್ಲಿದೆ ಎಂಬುದು ನಮ್ಮ ವಾದ. ಕೇಂದ್ರಗಳ ಲೆಕ್ಕ ಬರೆಯುವ, ಪಾಳಿ ಹಾಕುವ, ಹೊಸಬರಿಗೆ ಕೆಲಸ ಕಲಿಸುವ ನಾವು ಆ ಲೆಕ್ಕವನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇವೆ. ಪೆನ್ನು ಹಿಡಿದು ಜೊತೆಗೇ ಮಾಡಿ ನೋಡಬಹುದು.

ಕೇಂದ್ರ ದಿನಕ್ಕೆ 10 ಗಂಟೆ ತೆರೆದಿರುತ್ತದೆ. ತಂದೆತಾಯಿ ಎಂಟು ಗಂಟೆ ದುಡಿದು, ಹೋಗಿಬರುವ ಹೊತ್ತನ್ನೂ ಸೇರಿಸಿದರೆ ಅದಕ್ಕಿಂತ ಕಡಿಮೆ ಸಾಲದು. ಮೊದಲ ಗಂಟೆಯಲ್ಲೂ ಕೊನೆಯ ಗಂಟೆಯಲ್ಲೂ ಮಕ್ಕಳು ಕಡಿಮೆ, ಇಬ್ಬರು ಸಾಕು. ಒಬ್ಬರೇ ಮಾತ್ರ ಆಗದು: ಒಂದು ಮಗುವಿಗೆ ಏನಾದರೂ ಆಗಿ ಅದನ್ನು ಎತ್ತಿಕೊಂಡು ಹೊರಗೆ ಓಡಿದರೆ, ಉಳಿದವರನ್ನು ನೋಡಲು ಇನ್ನೊಂದು ಜೊತೆ ಕಣ್ಣು ಬೇಕು. ನಡುವಿನ 8 ಗಂಟೆ ಮೂವರು. ಅಲ್ಲಿಗೆ ದಿನಕ್ಕೆ 24 ಮತ್ತು 4, ಒಟ್ಟು 28 ಗಂಟೆಯ ಕೆಲಸ.

ಇನ್ನು ಎಂಟು ಗಂಟೆ ದುಡಿಯುವ ಒಬ್ಬರು ಮಕ್ಕಳ ಜೊತೆ ಎಷ್ಟು ಹೊತ್ತು ಇರಬಲ್ಲರು? ಅರ್ಧ ಗಂಟೆ ಊಟದ ಬಿಡುವು. ಇನ್ನೊಂದು ಗಂಟೆ ಬರೆಯುವ ಕೆಲಸ, ಮರುದಿನದ ತಯಾರಿ, ಆಟಿಕೆ ತೊಳೆಯುವುದು, ಯಾವ ಮಗುವಿಗೆ ಯಾವ ಆಹಾರ ಒಗ್ಗದು ಎಂಬ ಪಟ್ಟಿ ಸರಿಪಡಿಸುವುದು, ತಾಯಿಯೊಂದಿಗೋ ತಂದೆಯೊಂದಿಗೋ ಕುಳಿತು ಮಾತಾಡುವುದು. ಉಳಿಯುವುದು ಆರೂವರೆ ಗಂಟೆ. 28ನ್ನು 6.5ರಿಂದ ಭಾಗಿಸಿದರೆ 4.3. ಈಗಾಗಲೇ ಮೂರು ಎಂಬುದು ನಾಲ್ಕು ದಾಟಿತು.

ಮುಂದೆ ರಜೆ. ವರ್ಷಕ್ಕೆ ಕೇಂದ್ರ 250 ದಿನ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಒಬ್ಬರಿಗೆ 20 ದಿನ ಗಳಿಕೆ ರಜೆ, 10 ದಿನ ಅನಾರೋಗ್ಯ ರಜೆ, 5 ದಿನ ತರಬೇತಿ. ಕೆಲಸಕ್ಕೆ ಸಿಗುವುದು 215 ದಿನ. 250ನ್ನು 215ರಿಂದ ಭಾಗಿಸಿದರೆ 1.16. ಅದನ್ನು 4.3ಕ್ಕೆ ಗುಣಿಸಿದರೆ ಬರುವುದು 5. ಈ ಲೆಕ್ಕದಲ್ಲಿ ಎಲ್ಲೂ ಧಾರಾಳತನ ಇಲ್ಲ. ಹೆರಿಗೆ ರಜೆ ಸೇರಿಸಿಲ್ಲ, ಖಾಲಿ ಬಿದ್ದ ಹುದ್ದೆ ಸೇರಿಸಿಲ್ಲ, ಅಡುಗೆಯವರನ್ನಾಗಲಿ ಮೇಲ್ವಿಚಾರಕರನ್ನಾಗಲಿ ಎಣಿಸಿಲ್ಲ. ಕೋಣೆಯೊಳಗೆ ಮೂವರು ನಿಂತಿರಬೇಕಾದರೆ ಹಾಜರಿ ಪುಸ್ತಕದಲ್ಲಿ ಐದು ಹೆಸರು ಇರಬೇಕು, ಅಷ್ಟೇ.

ಹಣ ಬರುವುದು ಮೂವರಿಗೆ, ಹೆಚ್ಚೆಂದರೆ ನಾಲ್ವರಿಗೆ. ಆಗ ಏನಾಗುತ್ತದೆ? ಕೋಣೆಯೇನೂ ಮುಚ್ಚುವುದಿಲ್ಲ. ಮೊದಲು ಹೋಗುವುದು ಆ ಒಂದು ಗಂಟೆಯ ಬರವಣಿಗೆ: ಅದು ಮನೆಗೆ ಹೋಗುತ್ತದೆ, ರಾತ್ರಿ ಅಡುಗೆಯಾದ ಮೇಲೆ ನಡೆಯುತ್ತದೆ. ಆಮೇಲೆ ಊಟದ ಬಿಡುವು: ಮಕ್ಕಳು ಮಲಗಿದ ಕೋಣೆಯಲ್ಲೇ, ಒಂದು ಕಣ್ಣು ಅವರ ಮೇಲಿಟ್ಟು, ಗೋಡೆಗೆ ಒರಗಿ ತಿನ್ನುವ ಹತ್ತು ನಿಮಿಷ. ಆಮೇಲೆ ರಜೆ: ‘ಈ ವಾರ ಬೇಡ, ಮುಂದಿನ ತಿಂಗಳು ನೋಡೋಣ’. ಕಡೆಗೆ ಜ್ವರ ಬಂದರೂ ಮಾತ್ರೆ ನುಂಗಿ ಬರುವುದು, ಏಕೆಂದರೆ ತಾನು ಬರದಿದ್ದರೆ ಜೊತೆಯವಳ ಕೈಗೆ ಆರು ಮಕ್ಕಳು ಬೀಳುತ್ತಾರೆ ಎಂಬುದು ಗೊತ್ತು. ಬಜೆಟ್ಟಿನಲ್ಲಿ ಕಡಿತವಾದದ್ದು ಹೀಗೆ ಒಬ್ಬೊಬ್ಬರ ಮೈಯಿಂದ ವಸೂಲಾಗುತ್ತದೆ. ಎರಡು ವರ್ಷ ಹೀಗೆ ದುಡಿದವರು ರಾಜೀನಾಮೆ ಕೊಟ್ಟಾಗ ‘ಈಗಿನವರಿಗೆ ಸೇವಾ ಮನೋಭಾವ ಇಲ್ಲ’ ಎಂಬ ಮಾತು ವರದಿಗಳಲ್ಲಿ ಬರುತ್ತದೆ. ಇದ್ದ ಮನೋಭಾವವನ್ನು ದುಡಿಸಿ ಮುಗಿಸಿದ್ದು ಯಾರು ಎಂಬುದನ್ನು ಯಾವ ವರದಿಯೂ ಬರೆಯುವುದಿಲ್ಲ.

ಕೋಣೆಯೊಳಗಿನ ಕೆಲಸ ಎಂದರೆ ಏನು ಎಂಬುದನ್ನು ಒಂದೇ ಉದಾಹರಣೆಯಲ್ಲಿ ಹತ್ತಿರದಿಂದ ನೋಡಿ. ಡೈಪರ್ ಬದಲಿಸುವುದು. ಕೇಳುವವರಿಗೆ ಎರಡು ನಿಮಿಷದ ಕೆಲಸ. ಸರಿಯಾಗಿ ಮಾಡಿದರೆ ಹೀಗೆ: ಕೈ ತೊಳೆಯಬೇಕು. ಮಗುವನ್ನು ಎತ್ತುವ ಮೊದಲೇ ಬೇಕಾದದ್ದೆಲ್ಲ ಕೈಗೆಟುಕುವಂತೆ ಇಟ್ಟುಕೊಳ್ಳಬೇಕು, ಏಕೆಂದರೆ ಮಗು ಮೇಜಿನ ಮೇಲಿದ್ದಾಗ ಒಂದು ಕೈ ಸದಾ ಅದರ ಮೇಲಿರಬೇಕು. ಬೀಳಲು ಒಂದು ಕ್ಷಣ ಸಾಕು. ಮೇಜಿಗೆ ಕಾಗದ ಹಾಸಬೇಕು. ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಉಲ್ಟಾ ಮಾಡಿದರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೂತ್ರನಾಳದ ಸೋಂಕು ತಗಲುವ ಭಯ. ಚರ್ಮ ಕೆಂಪಾಗಿದೆಯೇ ನೋಡಬೇಕು. ಕೊಳೆಯಾದದ್ದನ್ನು ಮುಚ್ಚಳವಿರುವ ಬುಟ್ಟಿಗೆ ಹಾಕಬೇಕು. ಹೊಸದನ್ನು ಕಟ್ಟಿ, ಮಗುವಿನ ಕೈ ತೊಳೆಸಿ, ಕೆಳಗಿಳಿಸಿ, ಮೇಜನ್ನು ಮೊದಲು ತೊಳೆದು ಆಮೇಲೆ ಸೋಂಕುನಿವಾರಕ ಹಚ್ಚಬೇಕು. ಮತ್ತೆ ತನ್ನ ಕೈ. ಕೊನೆಗೆ ಹೊತ್ತು, ಭೇದಿ ಆಗಿದ್ದರೆ ಅದು, ಪುಸ್ತಕದಲ್ಲಿ. ಐದು ನಿಮಿಷ ಹಿಡಿಯುತ್ತದೆ. ಮಗು ಒದ್ದಾಡಿದರೆ ಎಂಟು.

12 ಮಕ್ಕಳು, ದಿನಕ್ಕೆ ಐದೈದು ಸಲ, ಒಟ್ಟು 60 ಸಲ. ತಲಾ 5 ನಿಮಿಷ ಎಂದರೆ 300 ನಿಮಿಷ, ಅಂದರೆ ಐದು ಗಂಟೆ. 28 ಗಂಟೆಯಲ್ಲಿ ಐದು ಗಂಟೆ ಒಬ್ಬರು ಆ ಮೇಜಿನ ಮುಂದೆ ನಿಂತಿರುತ್ತಾರೆ. ಅಷ್ಟು ಹೊತ್ತು ಉಳಿದ 11 ಮಕ್ಕಳಿಗೆ ಇಬ್ಬರೇ. ಇದರ ಮೇಲೆ ಬಾಟಲಿ ಹಾಲು: ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಡಿಸಬೇಕು, ಬಾಟಲಿಯನ್ನು ದಿಂಬಿಗೆ ಒರಗಿಸಿ ಬಿಟ್ಟರೆ ಹಾಲು ಗಂಟಲಿಗೆ ಸಿಕ್ಕಿ ಉಸಿರುಗಟ್ಟಬಹುದು. ಮಲಗಿದ ಕೂಸುಗಳನ್ನು ಅಂಗಾತ ಮಲಗಿಸಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ಉಸಿರು ನೋಡಬೇಕು. ಜನ ಕಡಿಮೆಯಾದ ದಿನ ಈ ಯಾವ ಕೆಲಸವೂ ನಿಲ್ಲುವುದಿಲ್ಲ, ಒಂದೊಂದು ಹೆಜ್ಜೆ ಬಿಟ್ಟುಹೋಗುತ್ತದೆ. ಮೇಜು ಒರೆಸುವುದು ಮೊದಲು ಬಿಡುತ್ತದೆ. ಎರಡು ಮೂರು ದಿನ ಕಳೆದು ಕೋಣೆಯಲ್ಲಿ ಐದು ಮಕ್ಕಳಿಗೆ ಭೇದಿ. ಆಮೇಲೆ ಬಿಡುವುದು ಮಾತು. ಡೈಪರ್ ಬದಲಿಸುವ ಐದು ನಿಮಿಷದಲ್ಲಿ ದೊಡ್ಡವರೊಬ್ಬರು ಆ ಒಂದು ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ. ಗುಂಪಿನಲ್ಲಿ ಬೆಳೆಯುವ ಕೂಸಿಗೆ ಅಂಥ ಹೊತ್ತು ದಿನದಲ್ಲಿ ಹೆಚ್ಚೇನೂ ಸಿಗದು. ಆತುರದಲ್ಲಿ ಮಾಡಿದಾಗ ಡೈಪರ್ ಬದಲಾಗಿರುತ್ತದೆ, ಮಾತು ಆಗಿರುವುದಿಲ್ಲ. ತಪಾಸಣೆಗೆ ಬಂದವರ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಟಿಕ್.

ಈಗ ಹಣ ಬರುವ ದಾರಿಗೆ ಬರೋಣ. ಎಷ್ಟು ಕೊಡುತ್ತೀರಿ ಎಂಬ ಜಗಳ ಯಾವಾಗಲೂ ಇದ್ದದ್ದೇ. ಹೇಗೆ ಕೊಡುತ್ತೀರಿ ಎಂಬುದು ಅಷ್ಟೇ ಮುಖ್ಯ, ಅದರ ಬಗ್ಗೆ ಮಾತು ಕಡಿಮೆ. ಅನೇಕ ಕಡೆ ಅನುದಾನ ಮಗುವಿನ ತಲೆಲೆಕ್ಕದಲ್ಲಿ ಬರುತ್ತದೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಖರ್ಚು ತಲೆಲೆಕ್ಕದಲ್ಲಿ ಆಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎಂಟು ಮಕ್ಕಳಿಗೆ ಇಬ್ಬರು ಸಾಕು. ಒಂಬತ್ತನೆಯ ಮಗು ಬಂದ ದಿನ ಮೂರನೆಯವರು ಬೇಕು. ಬಂದ ಹಣ ಒಂದು ಮಗುವಿನದು, ಏರಿದ ಖರ್ಚು ಒಬ್ಬರ ಪೂರ್ತಿ ಸಂಬಳದ್ದು. ಒಂದು ಮಗುವಿನ ಅನುದಾನ ಸರಿಯಾಗಿ ಕಾಲು ಸಂಬಳಕ್ಕೆ ಸಮ ಎಂದಿಟ್ಟುಕೊಂಡರೂ ಒಂಬತ್ತು ಮಕ್ಕಳಿದ್ದಾಗ ಮುಕ್ಕಾಲು ಸಂಬಳ ಕೊರತೆ, ಹತ್ತಿದ್ದಾಗ ಅರ್ಧ, ಹನ್ನೊಂದಿದ್ದಾಗ ಕಾಲು. ನಾಲ್ಕರ ಮಗ್ಗಿಯಲ್ಲಿ ಬರುವ ಸಂಖ್ಯೆಗಳಲ್ಲಿ ಮಾತ್ರ ಲೆಕ್ಕ ಸರಿಹೋಗುತ್ತದೆ. ಮಕ್ಕಳು ಮಗ್ಗಿ ನೋಡಿಕೊಂಡು ಹುಟ್ಟುವುದಿಲ್ಲ.

ಇದಕ್ಕೆ ಕೇಂದ್ರಗಳು ಕಂಡುಕೊಂಡ ಉಪಾಯಗಳು ನಿಮಗೆ ತಿಳಿದಿರಲಿ, ಯಾವುದೂ ಹೆಮ್ಮೆಪಡುವಂಥದ್ದಲ್ಲ. ಒಂಬತ್ತನೆಯ ಮಗುವಿಗೆ ಜಾಗವಿಲ್ಲ ಎನ್ನುವುದು ಒಂದು. ಇನ್ನೂ ನೆಟ್ಟಗೆ ನಡೆಯಲು ಬಾರದ ಮಗುವನ್ನು ದೊಡ್ಡ ಮಕ್ಕಳ ಕೋಣೆಗೆ ದಾಟಿಸುವುದು ಇನ್ನೊಂದು. ಮೂರನೆಯದು, ಒಬ್ಬರನ್ನು ಎರಡು ಕೋಣೆಗಳ ನಡುವೆ ಓಡಾಡಿಸುವುದು. ತಪಾಸಣೆಯ ದಿನ ಅವರು ಎರಡೂ ಕೋಣೆಯ ಲೆಕ್ಕಕ್ಕೆ ಸಿಗುತ್ತಾರೆ. ದೊಡ್ಡ ಕೇಂದ್ರಕ್ಕೆ ಆರೇಳು ಕೋಣೆಗಳಿದ್ದರೆ ಒಂದರ ಕೊರತೆ ಇನ್ನೊಂದರಲ್ಲಿ ತುಂಬುತ್ತದೆ. ಒಂದೇ ಕೋಣೆಯ ಚಿಕ್ಕ ಕೇಂದ್ರಕ್ಕೆ ಆ ಅನುಕೂಲ ಇಲ್ಲ. ಜನವಸತಿ ವಿರಳವಾದ ಕಡೆ ಮೊದಲು ಬಾಗಿಲು ಹಾಕುವುದು ಅಂಥವೇ.

ವಯಸ್ಸಿಗೆ ತಕ್ಕ ದರ ಇಲ್ಲದಿದ್ದರೆ ಇನ್ನೂ ಕೆಟ್ಟದ್ದಾಗುತ್ತದೆ. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು. ಮೂರು ವರ್ಷ ದಾಟಿದವರಲ್ಲಿ ಸಾಮಾನ್ಯವಾಗಿ ಎಂಟು ಮಕ್ಕಳಿಗೆ ಒಬ್ಬರು. ಅಂದರೆ ಕೂಸಿನ ಕೋಣೆಯ ಸಂಬಳದ ಖರ್ಚು ತಲಾ ಎರಡೂವರೆ ಪಟ್ಟಿಗಿಂತ ಹೆಚ್ಚು. ಎಲ್ಲ ವಯಸ್ಸಿಗೂ ಒಂದೇ ದರ ಅಥವಾ ಹೆಚ್ಚುಕಡಿಮೆ ಒಂದೇ ದರ ಇಟ್ಟರೆ, ಲೆಕ್ಕ ಬಲ್ಲ ಯಾವ ಕೇಂದ್ರವೂ ಕೂಸುಗಳನ್ನು ತೆಗೆದುಕೊಳ್ಳುವುದಿಲ್ಲ. ತಾಯಂದಿರು ಕೆಲಸಕ್ಕೆ ಮರಳಬೇಕಾದ ಹೊತ್ತಿಗೇ ಜಾಗ ಇಲ್ಲವಾಗುತ್ತದೆ.

ಹಾಜರಾತಿ ನೋಡಿ ಹಣ ಕೊಡುವ ಪದ್ಧತಿಯಂತೂ ಇವೆಲ್ಲಕ್ಕಿಂತ ಹಾನಿಕರ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ, ಕೆಮ್ಮು, ಜ್ವರ ಬರುವುದು ಸಹಜ. ಗುಂಪಿನಲ್ಲಿ ಬೆಳೆಯುವವರಿಗೆ ಇನ್ನೂ ಹೆಚ್ಚು. ಹನ್ನೆರಡರಲ್ಲಿ ದಿನಕ್ಕೆ ಹತ್ತು ಮಕ್ಕಳು ಬಂದರೆ ಒಳ್ಳೆಯ ಹಾಜರಾತಿ. ಹತ್ತು ಮಕ್ಕಳಿಗೂ ಮೂವರೇ ಬೇಕು. ಖರ್ಚು ಒಂದು ಪೈಸೆ ಇಳಿಯದು, ಹಣ ಆರನೇ ಒಂದು ಪಾಲು ಇಳಿಯುತ್ತದೆ. ಆಗ ಮೂಗು ಸುರಿಯುವ ಮಗುವನ್ನು ‘ಪರವಾಗಿಲ್ಲ, ಬಿಟ್ಟು ಹೋಗಿ’ ಎನ್ನುವ ಆಸೆ ಹುಟ್ಟುತ್ತದೆ. ಬಾರದ ಮಗುವಿಗೂ ಹಾಜರಿ ಹಾಕುವ ಆಸೆ ಹುಟ್ಟುತ್ತದೆ. ಅದನ್ನು ಹಿಡಿಯಲು ನೀವು ಆ್ಯಪ್ ತರುತ್ತೀರಿ, ಫೋಟೊ ಕೇಳುತ್ತೀರಿ, ಬೆಳಗ್ಗೆ ಮಕ್ಕಳು ಅಳುತ್ತಾ ಬರುವ ಹೊತ್ತಿನಲ್ಲಿ ಸಿಬ್ಬಂದಿ ಫೋನು ಹಿಡಿದು ನೆಟ್‌ವರ್ಕ್ ಹುಡುಕುತ್ತಾರೆ. ಕಳ್ಳತನ ಹುಟ್ಟಿಸುವ ನಿಯಮ ಬರೆದು, ಕಳ್ಳನನ್ನು ಹಿಡಿಯುವ ಕೆಲಸವನ್ನು ಮಗು ನೋಡಿಕೊಳ್ಳುವವರ ತಲೆಗೇ ಕಟ್ಟಿದಂತಾಯಿತು.

ಕಂತು ತಡವಾಗುವುದರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ನಿಮಗೂ ಗೊತ್ತು. ಖರ್ಚು ಮಾಡಿ, ಬಿಲ್ ಕೊಟ್ಟು, ಆಮೇಲೆ ಹಣ ಪಡೆಯುವ ಪದ್ಧತಿ ಕಟ್ಟಡ ಕಟ್ಟುವವರಿಗೆ ಸರಿ. ಸಂಬಳವೇ ಖರ್ಚಿನ ಸಿಂಹಪಾಲಾಗಿರುವ ಕಡೆ ಎರಡು ತಿಂಗಳು ತಡ ಎಂದರೆ ಎರಡು ತಿಂಗಳ ಸಂಬಳ ತಡ. ಕಡಿಮೆ ಸಂಬಳದವರ ಸಂಬಳವನ್ನೇ ಸಾಲವಾಗಿ ಪಡೆದು ಯೋಜನೆ ನಡೆಸಿದಂತೆ ಅದು.

‘ಹಾಗಾದರೆ ದಕ್ಷತೆ ಹೆಚ್ಚಿಸಿ’ ಎಂಬ ಸಲಹೆ ಆಗಾಗ ಬರುತ್ತದೆ. ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1960ರ ದಶಕದಲ್ಲಿ ಸಂಗೀತ, ನಾಟಕಗಳ ಖರ್ಚಿನ ಬಗ್ಗೆ ಹೇಳಿದ್ದು ಇಲ್ಲಿಗೆ ಹಾಗೇ ಹೊಂದುತ್ತದೆ: ನಾಲ್ವರು ನುಡಿಸಬೇಕಾದ ಸಂಗೀತವನ್ನು ಯಂತ್ರ ಬಂದ ಮಾತ್ರಕ್ಕೆ ಇಬ್ಬರು ನುಡಿಸಲಾಗದು, ಆದರೆ ಬೇರೆ ಕಡೆ ಕೂಲಿ ಏರಿದಂತೆ ಅವರ ಸಂಬಳವೂ ಏರಲೇಬೇಕು. ಕಾರ್ಖಾನೆಯಲ್ಲಿ ಒಬ್ಬರು ಮೊದಲಿನ ಹತ್ತರಷ್ಟು ಮಾಲು ತಯಾರಿಸಬಹುದು. ಒಬ್ಬರ ಎರಡು ತೋಳಲ್ಲಿ ಹಿಡಿಯುವ ಕೂಸುಗಳ ಸಂಖ್ಯೆ ಮಾತ್ರ ಅಂದಿಗೂ ಇಂದಿಗೂ ಒಂದೇ. ಹಾಗಾಗಿ ಶಿಶುಪಾಲನೆಯ ಖರ್ಚು ಉಳಿದ ವಸ್ತುಗಳ ಬೆಲೆಗಿಂತ ವೇಗವಾಗಿ ಏರುತ್ತಲೇ ಇರುತ್ತದೆ. ಅದಕ್ಕೆ ಯಾರ ದುಂದುಗಾರಿಕೆಯೂ ಕಾರಣ ಬೇಕಿಲ್ಲ. ಬೆಲೆ ಏರಿಕೆಯ ಸೂಚ್ಯಂಕ ನೋಡಿ ಅನುದಾನ ಏರಿಸುವವರು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತಾರೆ, ಹತ್ತು ವರ್ಷದಲ್ಲಿ ಅದು ದೊಡ್ಡ ಹಳ್ಳವಾಗುತ್ತದೆ. ಏರಿಸುವುದಿದ್ದರೆ ಕೂಲಿಯ ಸೂಚ್ಯಂಕ ನೋಡಿ ಏರಿಸಿ.

ದಕ್ಷತೆಯ ಹೆಸರಲ್ಲಿ ಸುಲಭವಾಗಿ ಕೈಗೆ ಸಿಗುವುದು ಅನುಪಾತ ಸಡಿಲಿಸುವ ಉಪಾಯ. ಇಂಗ್ಲೆಂಡಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಎರಡು ವರ್ಷದ ನಾಲ್ಕು ಮಕ್ಕಳಿಗೆ ಒಬ್ಬರು ಎಂದಿದ್ದುದನ್ನು ಐದು ಮಕ್ಕಳಿಗೆ ಒಬ್ಬರು ಎಂದು ಸಡಿಲಿಸಲು ಅವಕಾಶ ಕೊಟ್ಟರು. ಇದರಿಂದ ಉಳಿತಾಯ ಎಷ್ಟು, ಮೆಟ್ಟಿಲ ಲೆಕ್ಕದಲ್ಲೇ ನೋಡಿ. ಎಂಟು ಮಕ್ಕಳಿಗೆ ಹಳೆಯ ನಿಯಮದಲ್ಲೂ ಇಬ್ಬರು, ಹೊಸದರಲ್ಲೂ ಇಬ್ಬರು. ಹನ್ನೊಂದಕ್ಕೆ, ಹನ್ನೆರಡಕ್ಕೆ ಎರಡರಲ್ಲೂ ಮೂವರು. ಎಂಟರಿಂದ ಹನ್ನೆರಡರ ನಡುವೆ ಒಂಬತ್ತು, ಹತ್ತು ಮಕ್ಕಳಿದ್ದರೆ ಮಾತ್ರ ಒಬ್ಬರು ಉಳಿಯುತ್ತಾರೆ. ಅಂದರೆ ಅನೇಕ ಕೋಣೆಗಳಲ್ಲಿ ಹಣವೇನೂ ಉಳಿಯದು. ಉಳಿಯುವ ಕೋಣೆಗಳಲ್ಲಿ ಇಬ್ಬರ ಬೆನ್ನ ಮೇಲೆ ಮೂವರ ಕೆಲಸ. ಬಿಟ್ಟು ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದವರಿಗೆ ಅದು ಉತ್ತರ ಕೊಟ್ಟುಬಿಡುತ್ತದೆ.

ಒಬ್ಬರು ಬಿಟ್ಟು ಹೋದರೆ ಎಷ್ಟು ನಷ್ಟ? ಐವರಲ್ಲಿ ಒಬ್ಬರು ಹೋದರೆಂದು ಇಟ್ಟುಕೊಳ್ಳಿ. ಜಾಹೀರಾತು, ಸಂದರ್ಶನ, ಹಿನ್ನೆಲೆ ಪರಿಶೀಲನೆ, ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಯಲು ಎಂಟು ವಾರ, ಅಂದರೆ ಕೆಲಸದ 40 ದಿನ. ಬಂದ ಮೇಲೂ ಮೊದಲ ಹತ್ತು ದಿನ ಅವರನ್ನು ಎಣಿಕೆಗೆ ಹಿಡಿಯಬಾರದು. ಯಾವ ಮಗು ಹೇಗೆ ಅತ್ತರೆ ಏನರ್ಥ ಎಂಬುದೇ ಅವರಿಗೆ ಇನ್ನೂ ತಿಳಿಯದು. 50 ದಿನ, ದಿನಕ್ಕೆ ಆರೂವರೆ ಗಂಟೆ, ಒಟ್ಟು 325 ಗಂಟೆ. ಉಳಿದ ನಾಲ್ವರು ಹಂಚಿಕೊಂಡರೆ ತಲಾ 80 ಗಂಟೆಗೂ ಹೆಚ್ಚು, ಅಂದರೆ ಹತ್ತು ಪೂರ್ತಿ ದಿನಗಳ ಹೆಚ್ಚುವರಿ ದುಡಿಮೆ. ಮುಂದೆ ಹೋಗುವವರು ಈ ನಾಲ್ವರಲ್ಲೇ ಒಬ್ಬರು. ಒಂದು ರಾಜೀನಾಮೆ ಇನ್ನೊಂದನ್ನು ಹೆರುವುದು ಹೀಗೆ. ಇದರಲ್ಲಿ ಮಗುವಿನ ಪಾಲನ್ನು ನಾವು ಗಂಟೆಯಲ್ಲಿ ಅಳೆದಿಲ್ಲ. ಕೇಂದ್ರದಲ್ಲಿ ಪ್ರತಿ ಕೂಸೂ ಒಬ್ಬರನ್ನು ಹಿಡಿದುಕೊಳ್ಳುತ್ತದೆ: ಅವರ ಕೈಯಲ್ಲೇ ತಿನ್ನುತ್ತದೆ, ಅವರ ಹೆಗಲ ಮೇಲೇ ನಿದ್ದೆ ಹೋಗುತ್ತದೆ. ಅವರು ಒಂದು ಸೋಮವಾರ ಬಾರದೇ ಹೋದರೆ ಅದು ಮತ್ತೆ ಮೊದಲಿನಿಂದ ಒಬ್ಬರನ್ನು ನಂಬಬೇಕು. ವರ್ಷದಲ್ಲಿ ಮೂರು ಸಲ ಹಾಗಾದರೆ ನಂಬುವುದನ್ನೇ ಕಡಿಮೆ ಮಾಡುತ್ತದೆ. ಅಂಥ ಮಗುವನ್ನು ‘ತುಂಬಾ ಶಾಂತ ಸ್ವಭಾವ’ ಎಂದು ಪುಸ್ತಕದಲ್ಲಿ ಬರೆಯುವುದೂ ಉಂಟು.

ಅವರು ಹೋಗುವುದೆಲ್ಲಿಗೆ? ಹಲವರು ಪಕ್ಕದ ಪ್ರಾಥಮಿಕ ಶಾಲೆಗೆ. ಶಿಶುಪಾಲನೆಯ ಡಿಪ್ಲೊಮಾ ಪಡೆದವರು, ಪದವಿ ಪಡೆದವರು, ಅದೇ ಓದಿಗೆ ಐದು ವರ್ಷದ ಮಕ್ಕಳ ಜೊತೆ ಕೆಲಸ ಮಾಡಿದರೆ ಹೆಚ್ಚು ಸಂಬಳ, ಬೇಸಿಗೆ ರಜೆ, ಪಿಂಚಣಿ ಸಿಗುತ್ತದೆಂದರೆ ಹೋಗದೆ ಏನು ಮಾಡುತ್ತಾರೆ? ಹಾಗಿರುವಾಗ ನೀವು ಇನ್ನಷ್ಟು ತರಬೇತಿಗೆ ಹಣ ಇಟ್ಟರೆ, ಶಾಲೆಗಳಿಗೆ ಜನರನ್ನು ತಯಾರು ಮಾಡಿಕೊಟ್ಟಂತೆ. ಸಂಬಳದ ಮೆಟ್ಟಿಲಿಲ್ಲದ ಪ್ರಮಾಣಪತ್ರ ಬರೀ ಹೊರಹೋಗುವ ರಹದಾರಿ. 2013ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಿನೀವಾದಲ್ಲಿ ಈ ಸಿಬ್ಬಂದಿಯ ದುಡಿಮೆಯ ಸ್ಥಿತಿಗತಿಗೆಂದೇ ಮಾರ್ಗಸೂಚಿ ರೂಪಿಸಿತು. 2022ರ ನವೆಂಬರಿನಲ್ಲಿ ತಾಷ್ಕೆಂಟ್‌ನಲ್ಲಿ ಯುನೆಸ್ಕೊ ಸಮ್ಮೇಳನಕ್ಕೆ ಬಂದ ದೇಶಗಳು ಶಿಕ್ಷಣದ ವೆಚ್ಚದಲ್ಲಿ ಕನಿಷ್ಠ ಶೇ 10ರಷ್ಟನ್ನು ಶಾಲಾಪೂರ್ವ ಹಂತಕ್ಕೆ ಕೊಡುವ ಘೋಷಣೆ ಒಪ್ಪಿದವು. ಕಾಗದಕ್ಕೆ ಬರವಿಲ್ಲ.

ಹೆಸರಿಡುವುದರಲ್ಲೂ ಒಂದು ಜಾಣತನ ಇದೆ. ಭಾರತದಲ್ಲಿ 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ, ಅಂದರೆ ಅಂಗನವಾಡಿಗಳಲ್ಲಿ, ದುಡಿಯುವವರಿಗೆ ಕೊಡುವುದನ್ನು ಸಂಬಳ ಎನ್ನದೆ ಗೌರವಧನ ಎಂದರು. ಗ್ರಾಚ್ಯುಟಿ ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆಗೆ ನಲವತ್ತಾರು ವರ್ಷ ತುಂಬಿದ ಮೇಲೆ. ಪದ ಬದಲಿಸಿ ಹಕ್ಕು ಮುಂದೂಡುವ ಈ ಪದ್ಧತಿ ಒಂದೇ ದೇಶದ್ದಲ್ಲ. ಎಲ್ಲೆಲ್ಲಿ ಈ ಕೆಲಸವನ್ನು ಹೆಂಗಸರ ಸಹಜ ಗುಣ ಎಂದು ಹೊಗಳುತ್ತಾರೋ ಅಲ್ಲೆಲ್ಲ ಸಂಬಳದ ಚೀಟಿ ತೆಳ್ಳಗೇ ಇರುತ್ತದೆ.

ಇನ್ನೊಂದು ತಪ್ಪು ಕ್ರಮದ್ದು, ಯಾವುದು ಮೊದಲು ಎಂಬುದರದ್ದು. ತಂದೆತಾಯಿ ಕಟ್ಟುವ ಶುಲ್ಕ ಇಳಿಸುವುದು ಜನಪ್ರಿಯ ಕೆಲಸ, ಒಳ್ಳೆಯ ಕೆಲಸವೂ ಹೌದು. ಆದರೆ ಶುಲ್ಕ ಇಳಿದ ಮರುದಿನವೇ ಬಾಗಿಲ ಮುಂದೆ ಸಾಲು ಬೆಳೆಯುತ್ತದೆ. ಒಬ್ಬ ಶಿಶುಪಾಲಕಿ ತಯಾರಾಗಲು ಎರಡು ಮೂರು ವರ್ಷ ಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ 5 ಡಾಲರ್ ಶುಲ್ಕದ ವ್ಯವಸ್ಥೆ ತಂದಿತು. ತಾಯಂದಿರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಸೇರಿದರು, ಅದು ನಿಜವಾದ ಗೆಲುವು. ಜೊತೆಗೇ ಕಾಯುವ ಪಟ್ಟಿ ಉದ್ದವಾಯಿತು, ಕೇಂದ್ರದಿಂದ ಕೇಂದ್ರಕ್ಕೆ ಗುಣಮಟ್ಟದಲ್ಲಿ ದೊಡ್ಡ ಅಂತರ ಉಳಿಯಿತು, ಮಕ್ಕಳ ವರ್ತನೆಯ ಮೇಲೆ ಆದ ಪರಿಣಾಮದ ಬಗ್ಗೆ ಅರ್ಥಶಾಸ್ತ್ರಜ್ಞರು ಇಂದಿಗೂ ವಾದಿಸುತ್ತಿದ್ದಾರೆ. ಜರ್ಮನಿ 2013ರ ಆಗಸ್ಟಿನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಜಾಗ ಪಡೆಯುವ ಕಾನೂನಿನ ಹಕ್ಕು ಕೊಟ್ಟಿತು. ಹಕ್ಕು ಕಾಗದದಲ್ಲಿದೆ, ಸಿಬ್ಬಂದಿಯ ಕೊರತೆ ಕೇಂದ್ರದಲ್ಲಿದೆ. ಕೆನಡಾ ಒಕ್ಕೂಟ ಸರ್ಕಾರ 2021ರಲ್ಲಿ ದೇಶಕ್ಕೆಲ್ಲ ದಿನಕ್ಕೆ ಸರಾಸರಿ 10 ಡಾಲರ್ ಗುರಿ ಇಟ್ಟಾಗಲೂ ಎಡವಿದ್ದು ಇದೇ ಕಲ್ಲಿಗೆ. ಜಾಗ ಎಂದರೆ ಕಟ್ಟಡ ಎಂದು ತಿಳಿದವರು ಕಟ್ಟಡ ಕಟ್ಟುತ್ತಾರೆ. ಬೀಗ ಹಾಕಿದ ಕೋಣೆಯಲ್ಲಿ ಹೊಸ ಪುಟ್ಟ ಕುರ್ಚಿಗಳು ಸಾಲಾಗಿ ಕುಳಿತಿರುತ್ತವೆ.

ಒಮ್ಮೆ ಕೊಟ್ಟು ನಿಲ್ಲಿಸುವ ಹಣದ ಕತೆಯೂ ಗೊತ್ತಿರುವುದೇ. ಅಮೆರಿಕ 2021ರಲ್ಲಿ ಶಿಶುಪಾಲನಾ ಕೇಂದ್ರಗಳನ್ನು ಉಳಿಸಲು ಸುಮಾರು 2,400 ಕೋಟಿ ಡಾಲರ್ ಕೊಟ್ಟಿತು. ಕೇಂದ್ರಗಳು ಬಾಡಿಗೆ ಕಟ್ಟಿದವು, ಸಂಬಳ ಏರಿಸಿದವು, ಬೋನಸ್ ಕೊಟ್ಟವು. 2023ರ ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿಯಿತು. ಏರಿಸಿದ ಸಂಬಳಕ್ಕೆ ಅವಧಿ ಇಲ್ಲವಲ್ಲ. ಇಳಿಸಿದರೆ ಜನ ಹೋಗುತ್ತಾರೆ, ಉಳಿಸಿಕೊಂಡರೆ ಶುಲ್ಕ ಏರುತ್ತದೆ. ಒಮ್ಮೆ ಬರುವ ಹಣ ಕಟ್ಟಡದ ಸೋರಿಕೆಗೆ ಒಳ್ಳೆಯದು. ಸಂಬಳಕ್ಕೆ ಬೇಕಾದ್ದು ಪ್ರತಿವರ್ಷ ಬರುವ ಹಣ.

ಸರಿಯಾದ ದಿಕ್ಕಿನ ಒಂದು ಹೆಜ್ಜೆ ಆಸ್ಟ್ರೇಲಿಯಾದಲ್ಲಿ ಕಂಡಿತು. 2024ರ ಡಿಸೆಂಬರಿನಿಂದ ಸಿಬ್ಬಂದಿಯ ಸಂಬಳಕ್ಕೆ ಶೇ 10, ಮುಂದಿನ ವರ್ಷ ಇನ್ನೂ ಶೇ 5 ಹೆಚ್ಚಳಕ್ಕೆ ಸರ್ಕಾರವೇ ಹಣ ಕೊಟ್ಟಿತು. ಮುಖ್ಯ ಷರತ್ತು ಎರಡು: ಆ ಹಣ ಸಂಬಳಕ್ಕೇ ಹೋಗಬೇಕು, ಹಣ ಪಡೆಯುವ ಕೇಂದ್ರ ಮೊದಲ ವರ್ಷ ಶುಲ್ಕವನ್ನು ಶೇ 4.4ಕ್ಕಿಂತ ಹೆಚ್ಚು ಏರಿಸಬಾರದು. ಎರಡು ವರ್ಷಕ್ಕೆಂದು ತಂದದ್ದು ಅದರ ದೌರ್ಬಲ್ಯ. ಆದರೂ ಸಂಬಳದ ಹಣವನ್ನು ಬೇರೆ ಕೊಡದಲ್ಲಿ ತುಂಬಿ, ಬಾಡಿಗೆಗೋ ಲಾಭಕ್ಕೋ ಹರಿಯದಂತೆ ಬಾಯಿ ಕಟ್ಟಿದ್ದು ಕಲಿಯಬೇಕಾದ ಪಾಠ.

ಬಾಲ್ಯದ ಮೇಲೆ ಹಾಕಿದ ಹಣ ಹಲವು ಪಟ್ಟು ಮರಳುತ್ತದೆ ಎಂದು ನಿಮ್ಮ ಭಾಷಣಗಳಲ್ಲಿ ಕೇಳುತ್ತೇವೆ. ಆ ಮಾತಿನ ಮೂಲಗಳಲ್ಲೊಂದು ಅಮೆರಿಕದ ಮಿಷಿಗನ್‌ನ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರಿಸ್ಕೂಲ್ ಪ್ರಯೋಗ. ಒಟ್ಟು 123 ಮಕ್ಕಳು, ಅವರಲ್ಲಿ ಈ ಪ್ರಿಸ್ಕೂಲಿಗೆ ಹೋದವರು 58. ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್ಮನ್ ಮತ್ತು ಅವರ ಜೊತೆಗಾರರು ಅದರ ಪ್ರತಿಫಲವನ್ನು ವರ್ಷಕ್ಕೆ ಶೇ 7ರಿಂದ 10 ಎಂದು ಲೆಕ್ಕ ಹಾಕಿದರು. ಅಲ್ಲಿ ಏನಿತ್ತು ಎಂಬುದನ್ನು ಭಾಷಣ ಹೇಳುವುದಿಲ್ಲ: 20ರಿಂದ 25 ಮಕ್ಕಳಿಗೆ ನಾಲ್ವರು ಅರ್ಹತೆ ಪಡೆದ ಶಿಕ್ಷಕರು, ಜೊತೆಗೆ ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಒಂದೂವರೆ ಗಂಟೆಯ ಭೇಟಿ. ಆ ಪ್ರತಿಫಲದ ಅಂಕಿ ತೋರಿಸಿ, ಅದರ ಅರ್ಧದಷ್ಟು ಸಿಬ್ಬಂದಿಯ ಕೇಂದ್ರಕ್ಕೆ ಹಣ ಕೊಟ್ಟು, ಅದೇ ಫಲ ಬರಲಿ ಎಂದರೆ ಹೇಗೆ? ಬಿತ್ತಿದ್ದು ಎಷ್ಟೆಂದು ಬೆಳೆ ಅಳೆಯುವಾಗಲಾದರೂ ನೆನಪಿರಬೇಕು.

ನಾವು ಕೇಳುವುದು ಇಷ್ಟು. ಅನುದಾನವನ್ನು ಮಗುವಿನ ತಲೆಗೆ ಕಟ್ಟದೆ ಕೋಣೆಗೆ ಕಟ್ಟಿ: ತೆರೆದ ಪ್ರತಿ ಕೋಣೆಗೆ, ಅದರ ವಯಸ್ಸಿನ ಗುಂಪಿಗೆ ಬೇಕಾದ ಸಿಬ್ಬಂದಿಯ ಪೂರ್ತಿ ಸಂಬಳ. ಮಕ್ಕಳ ಸಂಖ್ಯೆಗೆ ತಕ್ಕಂತೆ ಏರಿಳಿಯುವ ಪಾಲು ಇರಲಿ, ಅದು ಆಹಾರ, ಡೈಪರ್, ಆಟಿಕೆಗಷ್ಟೇ ಇರಲಿ. ಖಾಲಿ ಕೋಣೆಗೆ ಹಣ ಹೋಗುತ್ತದೆಂಬ ಭಯ ನಿಮಗಿದ್ದರೆ, ದಾಖಲಾತಿ ಸತತ ಎರಡು ಅವಧಿ ಅರ್ಧಕ್ಕಿಂತ ಕೆಳಗೆ ಇಳಿದಾಗ ಮರುಪರಿಶೀಲನೆ ಎಂಬ ಷರತ್ತು ಸಾಕು. ದಿನದಿನದ ಹಾಜರಾತಿಗೆ ಹಣದ ನಂಟು ಬೇಡ. ಸಂಬಳದ ಹಣ ಬೇರೆ ಖಾತೆಗೆ, ಮುಂಗಡವಾಗಿ, ತಿಂಗಳ ಮೊದಲೇ ಬರಲಿ. ಅದೇ ಓದು ಓದಿದ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಸಮನಾದ ಸಂಬಳದ ಶ್ರೇಣಿ ಇರಲಿ; ಒಂದೇ ವರ್ಷದಲ್ಲಿ ಆಗದಿದ್ದರೆ ಎಷ್ಟು ವರ್ಷದಲ್ಲಿ ಎಂಬ ದಿನಾಂಕ ಆದೇಶದಲ್ಲಿ ಬರೆದಿರಲಿ.

ಚಿಕ್ಕ ಕೇಂದ್ರಗಳಿಗೆ ಐದನೆಯವರನ್ನು ಒಂಟಿಯಾಗಿ ಇಟ್ಟುಕೊಳ್ಳುವುದು ಕಷ್ಟ ಎಂಬುದನ್ನು ಒಪ್ಪುತ್ತೇವೆ. ಅಲ್ಲಿಗೆ ಬದಲಿ ಸಿಬ್ಬಂದಿಯ ತಂಡ ಕಟ್ಟಿ. ಹತ್ತಿರದ ಆರು ಕೋಣೆಗಳಿಗೆ 30 ಜನ ಬೇಕು. 26 ಮಂದಿ ಆಯಾ ಕೋಣೆಯವರಾಗಿ, ನಾಲ್ವರು ಎಲ್ಲ ಕೋಣೆಗೂ ಸೇರಿದ ಕಾಯಂ ಬದಲಿಯಾಗಿ ಇರಲಿ. ಇಲ್ಲಿ ಎಡವುವುದು ಎರಡು ಕಡೆ. ಬದಲಿಯವರನ್ನು ದಿನಗೂಲಿ ಮಾಡಿದರೆ ಅವರು ನಿಲ್ಲುವುದಿಲ್ಲ. ಪ್ರತಿದಿನ ಬೇರೆ ಕೋಣೆಗೆ ಅಟ್ಟಿದರೆ ಮಕ್ಕಳಿಗೆ ಅವರು ಅಪರಿಚಿತರಾಗಿಯೇ ಉಳಿಯುತ್ತಾರೆ, ಎತ್ತಿಕೊಳ್ಳಲು ಹೋದರೆ ಅಳು. ಒಬ್ಬರಿಗೆ ಎರಡು ಕೋಣೆ, ರಜೆ ಇಲ್ಲದ ದಿನವೂ ಅಲ್ಲೇ ಕೆಲಸ ಎಂದು ಗೊತ್ತುಮಾಡಿದರೆ ತೊಂದರೆ ಬಹಳ ಮಟ್ಟಿಗೆ ನೀಗುತ್ತದೆ.

ಅಂಕಿಅಂಶ ಪ್ರಕಟಿಸುವಾಗ ದಾಖಲಾದ ಮಕ್ಕಳ ಸಂಖ್ಯೆಯ ಪಕ್ಕದಲ್ಲೇ ಇನ್ನೂ ಮೂರು ಅಂಕಿ ಹಾಕಿ: ಖಾಲಿ ಹುದ್ದೆ ಎಷ್ಟು, ಒಂದು ವರ್ಷದೊಳಗೆ ಬಿಟ್ಟು ಹೋದವರು ಎಷ್ಟು, ಇರುವವರ ಸರಾಸರಿ ಅನುಭವ ಎಷ್ಟು ವರ್ಷ. ಹೊಸ ಕೇಂದ್ರದ ಉದ್ಘಾಟನೆಗೆ ಒಪ್ಪುವ ಮೊದಲು ಅದರ ಡ್ಯೂಟಿ ಚಾರ್ಟ್ ತರಿಸಿ ನೋಡಿ. ಹೆಸರಿಲ್ಲದ ಚೌಕಗಳಿದ್ದರೆ ರಿಬ್ಬನ್ ಕತ್ತರಿಸುವುದನ್ನು ಮುಂದಕ್ಕೆ ಹಾಕಬಹುದು.

ಮುಂದಿನ ಅನುದಾನದ ಆದೇಶಕ್ಕೆ ಸಹಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ವ್ಯಾಪ್ತಿಯ ಯಾವುದಾದರೂ ಒಂದು ಕೂಸಿನ ಕೋಣೆಯ ಕಳೆದ ತಿಂಗಳ ಚಾರ್ಟನ್ನೂ ಹಾಜರಿ ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟುಕೊಳ್ಳಿ. ಪ್ರತಿ ಗಂಟೆಗೂ ಎಷ್ಟು ಮಕ್ಕಳಿದ್ದರು, ಎಷ್ಟು ಜನ ಸಿಬ್ಬಂದಿ ಇದ್ದರು ಎಂದು ಗೆರೆ ಎಳೆಯಿರಿ. ಊಟದ ಬಿಡುವಿನ ಹೊತ್ತಿನಲ್ಲಿ ಅವರ ಜಾಗದಲ್ಲಿ ಯಾರಿದ್ದರು ಎಂದು ಕೇಳಿ. ಒಂದು ಮಧ್ಯಾಹ್ನದ ಕೆಲಸ. ಚಾರ್ಟ್ ಓದಲು ಜೊತೆಗೆ ಯಾರಾದರೂ ಬೇಕೆಂದರೆ ನಾವು ಬರುತ್ತೇವೆ. ಮಕ್ಕಳು ಮಲಗುವ ಹೊತ್ತಿಗೆ ಮಾತ್ರ ಕರೆಯಬೇಡಿ, ಆಗ ಕೋಣೆ ಬಿಟ್ಟು ಬರಲು ಯಾರಿಗೂ ಆಗುವುದಿಲ್ಲ.

ಇಂತಿ,
ಶಿಶುಪಾಲನಾ ಕೇಂದ್ರಗಳ ಲೆಕ್ಕ ಮತ್ತು ಪಾಳಿ ಬರೆಯುವವರು